ತಿಳಿನೀರಿಗೆ ಇಳಿಬಿಟ್ಟ ತಟ್ಟೆ

ಚಿತ್ರಾನ್ನದ ಡಬ್ಬಿಯನ್ನು ರಾತ್ರಿ ಕಾರಿನಲ್ಲಿ ಬಿಡಬಾರದು. ತಾಹೋ ಸರೋವರಕ್ಕೆ ಹೊರಟವರು ಕಲಿಯಬೇಕಾದ ಮೊದಲ ಪಾಠ ಇದು. ಟ್ರಕಿ ಎಂಬ ಬೆಟ್ಟದೂರಿನ ವಸತಿಗೃಹದಲ್ಲಿ ಚೀಲ ಇಳಿಸುತ್ತಿದ್ದಾಗ ಬಾಗಿಲಿಗೆ ಅಂಟಿಸಿದ್ದ ಸೂಚನೆಯನ್ನು ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದಳು. ಸುತ್ತ ಕರಡಿಗಳಿವೆ, ತಿನ್ನುವಂಥ ಯಾವುದನ್ನೂ ಕಾರಿನಲ್ಲಿ ಇಡಬೇಡಿ, ಕಾರಿನ ಬಾಗಿಲು ತೆಗೆಯುವುದು ಅವಕ್ಕೆ ಗೊತ್ತು. ಆಗಲೇ ಹಾಸಿಗೆ ಮೇಲೆ ಬಿದ್ದುಕೊಂಡಿದ್ದ ಅಳಿಯ ಗೊಣಗುತ್ತ ಎದ್ದುಹೋಗಿ ಚಿತ್ರಾನ್ನ, ಚಕ್ಕುಲಿ, ಕೊನೆಗೆ ಅರ್ಧ ತಿಂದಿಟ್ಟಿದ್ದ ಬಾಳೆಹಣ್ಣನ್ನೂ ಒಳಗೆ ತಂದ. ಇಂಗು ಹಾಕಿದ ಒಗ್ಗರಣೆ ಕ್ಯಾಲಿಫೋರ್ನಿಯಾದ ಕರಡಿಗೆ ಹಿಡಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿ ಸಂಜೆ ವಾಕಿಂಗ್ ಹೋದರೆ ಎರಡು ರಸ್ತೆ ದಾಟುವಷ್ಟರಲ್ಲಿ ‘ಎಷ್ಟು ತಿಂಗಳಿಗೆ ಬಂದಿದೀರಿ?’ ಎಂದು ಕನ್ನಡದಲ್ಲಿ ಕೇಳುವವರು ಒಬ್ಬರಾದರೂ ಸಿಗುತ್ತಾರೆ. ಹಾಗೆ ಸಿಕ್ಕವರೆಲ್ಲ ‘ತಾಹೋ ನೋಡಿದ್ರಾ?’ ಎಂದು ಕೇಳಿ ಕೇಳಿ ನನಗೂ ಕುತೂಹಲ ಹತ್ತಿತ್ತು. ಹೋಗುವ ಮೊದಲು ಓದಿಕೊಂಡಾಗ ಒಂದು ತಮಾಷೆ ಕಣ್ಣಿಗೆ ಬಿತ್ತು. ನಾವು ಉಳಿದಿದ್ದ ಊರಿಗೆ ಯಾರ ಹೆಸರಿದೆಯೋ ಆ ಜಾನ್ ಫ್ರೀಮಾಂಟ್ ಎಂಬ ಸೇನಾಧಿಕಾರಿಯೇ 1844ರ ಫೆಬ್ರವರಿಯಲ್ಲಿ, ಹಿಮದಲ್ಲಿ ಹೂತುಹೋಗುತ್ತ ಬೆಟ್ಟ ಹತ್ತಿ, ದೂರದಿಂದ ಈ ಸರೋವರವನ್ನು ಕಂಡು ನಕ್ಷೆಯಲ್ಲಿ ಗುರುತಿಸಿದವನು. ಅವನ ಹೆಸರಿನ ಊರಿನಿಂದ ನಾವು ನಾಲ್ಕು ಗಂಟೆಯಲ್ಲಿ, ಎಸಿ ಹಾಕಿಕೊಂಡು, ಸ್ಯಾಕ್ರಮೆಂಟೊ ದಾಟಿ ಡಾನರ್ ಕಣಿವೆಯ ಮೂಲಕ ಅಲ್ಲಿಗೆ ಬಂದಿದ್ದೆವು.

ಮರುದಿನ ಬೆಳಗ್ಗೆ ಟ್ರಕಿಯಿಂದ ಹೊರಟ ರಸ್ತೆ ಒಂದು ಏರನ್ನು ಹತ್ತಿ ಇಳಿಯಲು ಶುರುವಾದಾಗ ಮರಗಳ ಸಂದಿಯಲ್ಲಿ ನೀಲಿ ಕಂಡಿತು. ಮೊದಲು ಅದು ಆಕಾಶವೆಂದೇ ತಿಳಿದೆ. ಆಕಾಶ ಅಷ್ಟು ಕೆಳಗೆ ಇರಲಾರದು ಎಂದು ಹೊಳೆಯಲು ಒಂದು ತಿರುವು ಬೇಕಾಯಿತು.

ಸರೋವರದ ಉದ್ದ 35 ಕಿಲೋಮೀಟರ್, ಅಗಲ 19. ಹೀಗೆ ಹೇಳಿದರೆ ಸಾಗರ ತಾಲೂಕಿನವಳಾದ ನನಗೆ ಏನೂ ತಿಳಿಯುವುದಿಲ್ಲ. ನಮ್ಮ ಅಳತೆಗೋಲೇ ಬೇರೆ. ಇದರ ನೀರಿನ ಮಟ್ಟ ಸಮುದ್ರದಿಂದ 1,897 ಮೀಟರ್ ಮೇಲಿದೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೂವತ್ತು ಚಿಲ್ಲರೆ ಮೀಟರ್ ಮಾತ್ರ ಕೆಳಗೆ. ಅಂದರೆ ಮುಳ್ಳಯ್ಯನಗಿರಿಯ ತುದಿ ಹತ್ತಿ ಅಲ್ಲಿ ಕಾಲು ನೆನೆಸಿಕೊಂಡ ಹಾಗೆ. ಇನ್ನು ಆಳ ಅತಿ ಹೆಚ್ಚೆಂದರೆ 501 ಮೀಟರ್. ನಮ್ಮ ಜೋಗದ ಎತ್ತರ 253 ಮೀಟರ್. ಎರಡು ಜೋಗವನ್ನು ಒಂದರ ಮೇಲೊಂದು ನಿಲ್ಲಿಸಿ ಇದರೊಳಗೆ ಇಳಿಸಿದರೆ ಐದು ಮೀಟರ್ ಮಾತ್ರ ನೀರಿನಿಂದ ಹೊರಗೆ ಕಂಡೀತು. ಕಾರಿನಲ್ಲಿ ಈ ಲೆಕ್ಕ ಹೇಳಿದಾಗ ಅಳಿಯ ‘ಅತ್ತೆ ಎಲ್ಲಿ ಹೋದರೂ ಜೋಗ ತಂದೇ ತರ್ತಾರೆ’ ಎಂದ. ತರದೆ ಇನ್ನೇನು? ಗೊತ್ತಿರುವುದರಿಂದ ತಾನೇ ಗೊತ್ತಿಲ್ಲದ್ದನ್ನು ಅಳೆಯುವುದು.

ನಾವು ಹೋದದ್ದು ಸ್ಯಾಂಡ್ ಹಾರ್ಬರ್ ಎಂಬ ಮರಳು ದಂಡೆಗೆ. ಸರೋವರದ ಮೂರನೇ ಎರಡು ಭಾಗ ಕ್ಯಾಲಿಫೋರ್ನಿಯಾದಲ್ಲಿ, ಉಳಿದದ್ದು ನೆವಾಡಾದಲ್ಲಿ. ಸ್ಯಾಂಡ್ ಹಾರ್ಬರ್ ಇರುವುದು ನೆವಾಡಾ ಬದಿಯಲ್ಲಿ, ಈಶಾನ್ಯದ ದಡದಲ್ಲಿ. ಗಡಿ ದಾಟಿದ್ದು ಗೊತ್ತಾಗಲು ಫಲಕ ಓದಬೇಕಿಲ್ಲ, ರಸ್ತೆ ಬದಿಯಲ್ಲಿ ಜೂಜುಕಟ್ಟೆಗಳು ಶುರುವಾಗುತ್ತವೆ. ಬೇಸಗೆಯಲ್ಲಿ ಕಾರು ನಿಲ್ಲಿಸಲು ಜಾಗ ಬೇಗ ತುಂಬುತ್ತದೆಂದು ಮಗಳು ಮೊದಲೇ ಕಾದಿರಿಸಿದ್ದಳು. ಬೆಳಗಿನ ಎಂಟಕ್ಕೇ ನಮ್ಮ ಹಿಂದೆ ಸಾಲು ಬೆಳೆದಿತ್ತು.

ಚಪ್ಪಲಿ ಬಿಟ್ಟು ಮರಳಿಗೆ ಕಾಲಿಟ್ಟೆ. ನನಗೆ ಗೊತ್ತಿದ್ದ ಮರಳು ಗೋಕರ್ಣದ್ದು, ಹೊನ್ನಾವರದ್ದು. ಆ ಮರಳು ಕಾಲಿಗೆ ಅಂಟಿದರೆ ಮನೆಗೆ ಬಂದು ಬಚ್ಚಲಿನಲ್ಲಿ ತೊಳೆದರೂ ಮರುದಿನ ಹಾಸಿಗೆಯಲ್ಲಿ ಸಿಗುತ್ತದೆ. ಇದು ಹಾಗಲ್ಲ. ಉಪ್ಪಿಲ್ಲ, ಜಿಗುಟಿಲ್ಲ. ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿದರೆ ದಪ್ಪ ರವೆಯ ಹಾಗೆ ಕಾಳು ಕಾಳು. ಗಾಜಿನಂಥದ್ದು ಬೆಣಚು, ಹಾಲುಗೆಂಪಿನದು ಫೆಲ್ಡ್‌ಸ್ಪಾರ್, ನಡುವೆ ಚಿನ್ನದ ಹಾಗೆ ಮಿನುಗಿ ಮೋಸ ಮಾಡುವುದು ಕಾಗೆಬಂಗಾರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಚಾಳಿ, ಬಿಡುವುದಿಲ್ಲ. ದಡದಲ್ಲಿ ಆನೆ ಮಲಗಿದಂತೆ ಬಿದ್ದಿರುವ ಗ್ರಾನೈಟ್ ಬಂಡೆಗಳೂ ಈ ಮರಳೂ ಒಂದೇ ವಸ್ತು. ಬಂಡೆ ಮಳೆ ಹಿಮಗಳಿಗೆ ಸಿಕ್ಕಿ ಕಾಳುಕಾಳಾಗಿ ಉದುರಿದರೆ ಮರಳು. ಸಮುದ್ರದ ಮರಳು ಊರೂರು ಅಲೆದು ನುಣ್ಣಗಾಗಿರುತ್ತದೆ. ಇದು ಇನ್ನೂ ತವರು ಬಿಟ್ಟು ಹೊರಟಿಲ್ಲ. ಕೈಯಿಂದ ಜಾಡಿಸಿದರೆ ಕಾಲು ಚೊಕ್ಕಟ.

ಎದುರಿಗೆ ನೀರಿನಾಚೆ ಸಿಯೆರಾ ನೆವಾಡಾದ ಸಾಲು, ಬೇಸಗೆ ಮುಗಿಯುತ್ತ ಬಂದರೂ ಅಲ್ಲಲ್ಲಿ ಹಿಮದ ತೇಪೆ. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಹಿಮದ ಬೆಟ್ಟಸಾಲು ಎಂದೇ ಅರ್ಥವಂತೆ. ನೀರಿನಲ್ಲಿ ಕಾಲಿಟ್ಟಾಗ ಆ ಅರ್ಥ ಹಿಮ್ಮಡಿಯಿಂದ ಹೊಕ್ಕು ಮಂಡಿಯವರೆಗೆ ಏರಿತು.

ಕೂತುಕೊಳ್ಳಲು ನಾನೊಂದು ಬಂಡೆ ಹುಡುಕಿದೆ. ಚಿತ್ರಾನ್ನ ತಿಂದಾದ ಮೇಲೆ ಮೊಮ್ಮಗಳು ಸ್ಟೀಲ್ ಡಬ್ಬಿ ತೊಳೆಯಲು ಹೋದಳು. ಸರೋವರದಲ್ಲಿ ತೊಳೆಯಬಾರದು ಎಂದು ನಾನು ಕೂಗುವುದಕ್ಕೂ ಮುಚ್ಚಳ ಅವಳ ಕೈಜಾರುವುದಕ್ಕೂ ಸರಿಹೋಯಿತು. ಅದು ಒಣಗಿದ ಎಲೆಯ ಹಾಗೆ ಆಚೀಚೆ ತೂಗುತ್ತ ಇಳಿದು ತಳದ ಮರಳಿನ ಮೇಲೆ ಅಂಗಾತ ಕೂತಿತು. ಮೇಲಿನಿಂದ ಅದರ ಅಂಚಿನ ಗೀರು ಕಾಣುತ್ತಿತ್ತು. ಅದರ ಮೇಲೆ ಬಿಸಿಲಿನ ಬಲೆ ಆಡುತ್ತಿತ್ತು. ‘ಇಲ್ಲೇ ಇದೆ, ಮೊಣಕಾಲುದ್ದ ನೀರು’ ಎಂದು ಬಂಡೆಯಿಂದ ಇಳಿದ ಹುಡುಗಿ ಎದೆಯವರೆಗೆ ಮುಳುಗಿ ಚೀರಿದಳು. ಅರ್ಧ ಚಳಿಗೆ, ಅರ್ಧ ಆಶ್ಚರ್ಯಕ್ಕೆ. ನಾಲ್ಕು ಅಡಿ ಆಳದ ನೀರು ಮೇಲಿನಿಂದ ನೋಡಿದವರಿಗೆ ಮೂರು ಅಡಿಯಾಗಿ ಕಾಣುತ್ತದೆ. ವಕ್ರೀಭವನದ ಈ ಪಾಠವನ್ನು ಎಷ್ಟೋ ತಂಡಗಳ ಮಕ್ಕಳಿಗೆ ಲೋಟದಲ್ಲಿ ಪೆನ್ಸಿಲ್ ಇಟ್ಟು ಮಾಡಿದ್ದೇನೆ. ಆದರೆ ನೀರು ತಿಳಿಯಾಗಿದ್ದಷ್ಟೂ ಅದರ ಆಳ ತಪ್ಪಾಗಿ ತಿಳಿಯುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ರಾಡಿ ನೀರಿಗೆ ಯಾರೂ ಧೈರ್ಯದಿಂದ ಇಳಿಯುವುದಿಲ್ಲವಲ್ಲ!

ಆ ಬಂಡೆಯ ಮೇಲೆ ಕೂತು ‘ತಿಳಿ’ ಎಂಬ ಮಾತಿನ ಬಗ್ಗೆಯೇ ಯೋಚಿಸಿದೆ. ನಮ್ಮ ಭಾಷೆಯಲ್ಲಿ ತಿಳಿ ಅಂದರೆ ಕಲಕಿಲ್ಲದ್ದು. ತಿಳಿನೀರು, ತಿಳಿಸಾರು, ತಿಳಿಗೊಳ. ತಿಳಿ ಅಂದರೆ ಅರಿತುಕೋ ಎಂದೂ ಹೌದು. ಕೊಳದ ನೀರಿಗೂ ಮನುಷ್ಯನ ತಲೆಗೂ ಒಂದೇ ಮಾತು ಸಾಕು ಎಂದು ಹಿಂದಿನವರಿಗೆ ಅನ್ನಿಸಿದ್ದು ಸುಮ್ಮನೆ ಇರಲಾರದು. ಈ ಸರೋವರದ ಕಥೆಯಲ್ಲಿ ಆ ಎರಡೂ ಅರ್ಥಗಳು ಒಂದೇ ಹಗ್ಗದಲ್ಲಿ ನೇತಾಡುತ್ತಿವೆ. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಅಲ್ಲೊಂದು ಹಗ್ಗ ಇದೆ.

ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಒಂದು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆಂದು ಅಳೆದ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಊಟದ ತಟ್ಟೆಯಷ್ಟು ದೊಡ್ಡ ಒಂದು ಬಿಲ್ಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಚಾರ್ಲ್ಸ್ ಗೋಲ್ಡ್‌ಮನ್ ಎಂಬ ವಿಜ್ಞಾನಿ ತಾಹೋದಲ್ಲಿ ಇದೇ ತಟ್ಟೆಯನ್ನು ಇಳಿಸತೊಡಗಿದರು. 1968ರಿಂದ ಆ ಲೆಕ್ಕ ತಪ್ಪಿಲ್ಲ. ಆ ವರ್ಷದ ಸರಾಸರಿ 102.4 ಅಡಿ. ಅಂದರೆ ಹತ್ತು ಅಂತಸ್ತಿನ ಕಟ್ಟಡದ ಮೇಲೆ ನಿಂತು ಕೆಳಗೆ ಅಂಗಳದಲ್ಲಿಟ್ಟ ತಟ್ಟೆಯನ್ನು ನೋಡಿದಂತೆ, ನಡುವೆ ಗಾಳಿಯ ಬದಲು ನೀರು! 2017ರಲ್ಲಿ ಅದೇ ಸರಾಸರಿ 59.7 ಅಡಿಗೆ ಇಳಿದಿತ್ತು. ಆಮೇಲೆ ಕೊಂಚ ಸುಧಾರಿಸಿ ಹೆಚ್ಚುಕಡಿಮೆ ಅರವತ್ತು ಎಪ್ಪತ್ತರ ನಡುವೆ ಏರಿಳಿಯುತ್ತಿದೆ. ನಾನು ಕಂಡು ಬೆರಗಾದ ತಿಳಿ, ನನ್ನ ಶಾಲಾದಿನಗಳಲ್ಲಿ ಇಲ್ಲಿದ್ದ ತಿಳಿಯ ಮೂರನೇ ಎರಡು ಪಾಲು ಅಷ್ಟೆ.

ಕಲಕಿದ ನೀರನ್ನು ಸುಮ್ಮನೆ ಬಿಟ್ಟರೆ ತಿಳಿಯಾಗುತ್ತದೆ ಎಂದು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಬಾವಿಗೆ ಅದು ಸರಿ. ಇಲ್ಲಿ ನಡೆಯುವುದಿಲ್ಲ. ಈ ನೀರನ್ನು ಮಂಕು ಮಾಡಿರುವುದು ಮುಖ್ಯವಾಗಿ ನುಣ್ಣನೆಯ ಧೂಳು. ಕೂದಲೆಳೆಯ ನಾಲ್ಕನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು. ಅವು ಎಷ್ಟು ಹಗುರವೆಂದರೆ ತಳ ಸೇರಲು ವರ್ಷಗಳೇ ಹಿಡಿಯುತ್ತವೆ. ಚಳಿಗಾಲದಲ್ಲಿ ಜಾರಬಾರದೆಂದು ರಸ್ತೆಗೆ ಸುರಿದ ಮರಳನ್ನು ಕಾರಿನ ಚಕ್ರಗಳು ಹಿಟ್ಟು ಮಾಡುತ್ತವೆ, ಹಿಮ ಕರಗಿದಾಗ ಹಿಟ್ಟು ಸರೋವರಕ್ಕೆ ಹರಿಯುತ್ತದೆ. ತೊಳೆದುಹೋಗಲು ದಾರಿಯೂ ಇಲ್ಲ. ಅರವತ್ತಮೂರು ತೊರೆಗಳು ಬಂದು ಸೇರುವ ಈ ಸರೋವರದಿಂದ ಹೊರಗೆ ಹೋಗುವುದು ಟ್ರಕಿ ಎಂಬ ಒಂದೇ ಹೊಳೆ. ಅದೂ ಸಮುದ್ರ ಕಾಣದೆ ಮರುಭೂಮಿಯ ಇನ್ನೊಂದು ಸರೋವರಕ್ಕೆ ಹೋಗಿ ಮುಗಿಯುತ್ತದೆ. ಒಳಬಂದ ಒಂದು ಹನಿ ಹೊರಬೀಳಲು ಸರಾಸರಿ 650 ವರ್ಷ ಬೇಕು. ವಿಜಯನಗರದಲ್ಲಿ ಬುಕ್ಕರಾಯ ಆಳುತ್ತಿದ್ದಾಗ ಇಲ್ಲಿ ಬಿದ್ದ ಮಳೆ ಈಗ ಬಾಗಿಲ ಬಳಿ ಬಂದಿರಬಹುದು. ಇಂಥ ಮನೆಯಲ್ಲಿ ಕಸ ಹಾಕಿದರೆ ಗುಡಿಸುವುದು ಮೊಮ್ಮಕ್ಕಳ ಮೊಮ್ಮಕ್ಕಳು.

ತಿಳಿಯದೆ ಒಳ್ಳೆಯದು ಮಾಡಲು ಹೋದದ್ದೂ ಇದೆ. 1960ರ ದಶಕದಲ್ಲಿ, ಮೀನುಗಳು ಚೆನ್ನಾಗಿ ತಿಂದು ಕೊಬ್ಬಲಿ ಎಂದು ಹೊರಗಿನಿಂದ ಮೈಸಿಸ್ ಎಂಬ ಪುಟ್ಟ ಸಿಗಡಿಯನ್ನು ತಂದು ಬಿಟ್ಟರು. ಸಿಗಡಿ ಹಗಲೆಲ್ಲ ಆಳದ ಕತ್ತಲಲ್ಲಿ ಅಡಗಿ ಮೀನಿನ ಬಾಯಿಂದ ತಪ್ಪಿಸಿಕೊಂಡಿತು. ರಾತ್ರಿ ಮೇಲೆ ಬಂದು, ನೀರನ್ನು ಸೋಸಿ ಶುದ್ಧವಾಗಿಡುತ್ತಿದ್ದ ಡ್ಯಾಫ್ನಿಯಾ ಎಂಬ ಸೂಕ್ಷ್ಮ ಜೀವಿಯನ್ನು ತಿಂದು ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಇಲ್ಲವಾಗಿಸಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ.

ತಿಳಿದೇ ಮಾಡಿದ್ದು ಇನ್ನೂ ದೊಡ್ಡದು. ಬಿಸಿಲೇರಿದ ಮೇಲೆ ಮರದ ನೆರಳಿಗೆ ಬಂದೆವು. ‘ಅಮ್ಮ, ಇದರ ತೊಗಟೆ ಮೂಸಿ ನೋಡು’ ಎಂದಳು ಮಗಳು. ಜೆಫ್ರಿ ಪೈನ್ ಎಂಬ ಮರ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತೊಗಟೆಯ ಬಿರುಕಿಗೆ ಮೂಗು ತಂದೆ. ಬೆಲ್ಲ! ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವಾಗ ಗಾಳಿಗೆ ಸಿಹಿ ತಗಲುತ್ತದಲ್ಲ, ಅದೇ ವಾಸನೆ. ಇನ್ನೊಂದು ಮರಕ್ಕೂ ಹೋಗಿ ಮೂಸಿದೆ. ಎರಡನೇ ಸಲ ಯಾರು ನೋಡುತ್ತಾರೆಂದು ಲೆಕ್ಕಿಸಲಿಲ್ಲ.

ಆ ಕಾಡು ನೋಡಲು ಅನಾದಿಯದೆಂಬಂತೆ ಇದೆ, ಆದರೆ ಬಹುಪಾಲು ನೂರು ನೂರೈವತ್ತು ವರ್ಷದೊಳಗಿನದು. 1859ರಲ್ಲಿ ಪೂರ್ವದ ಬೆಟ್ಟದಾಚೆ ವರ್ಜೀನಿಯಾ ಸಿಟಿಯ ಬಳಿ ಕಾಮ್‌ಸ್ಟಾಕ್ ಬೆಳ್ಳಿಯ ಗಣಿ ಸಿಕ್ಕಿತು. ಗಣಿಯ ಮೇಲ್ಛಾವಣಿ ಕುಸಿಯದಂತೆ ಒಳಗೆ ದಿಮ್ಮಿಯ ಚೌಕಟ್ಟು ಕಟ್ಟಬೇಕಿತ್ತು. ಮೂರು ನಾಲ್ಕು ದಶಕದಲ್ಲಿ ಸರೋವರದ ಸುತ್ತಲಿನ ಕಾಡಿನ ಬಹುಭಾಗ ಮಲಗಿತು. ನಾವು ಕೊಡೆ ನೆಟ್ಟು ಕೂತಿದ್ದ ಸ್ಯಾಂಡ್ ಹಾರ್ಬರ್ ಆಗ ದಿಮ್ಮಿಯ ಬಂದರು. ಕಡಿದ ಮರಗಳನ್ನು ತೆಪ್ಪದಂತೆ ಕಟ್ಟಿ ಉಗಿದೋಣಿ ಇಲ್ಲಿಗೆ ಎಳೆದು ತರುತ್ತಿತ್ತು. ಇಲ್ಲಿಂದ ರೈಲಿನಲ್ಲಿ ಕೊಯ್ಯುವ ಗಿರಣಿಗೆ, ಅಲ್ಲಿಂದ ಕಡಿದಾದ ಬೆಟ್ಟದ ಮೇಲೆ ಹಗ್ಗದಿಂದ ಎಳೆಯುವ ಇಳಿಜಾರು ಹಳಿಯಲ್ಲಿ ಗುಡ್ಡದ ನೆತ್ತಿಗೆ. ಪಕ್ಕದ ಊರಿಗೆ ಇನ್‌ಕ್ಲೈನ್ ವಿಲೇಜ್ ಎಂದು ಹೆಸರು ಬಂದದ್ದು ಆ ಇಳಿಜಾರಿನಿಂದ. ಬೆಲ್ಲದ ವಾಸನೆಯ ಆ ಮರಗಳು ಈಗ ನೆಲದಡಿಯ ಕತ್ತಲಲ್ಲಿ ನಿಂತಿವೆ.

ದಂಡೆ ಉಳಿದದ್ದಾದರೂ ಯಾರ ಪುಣ್ಯದಿಂದ? ಜಾರ್ಜ್ ವಿಟೆಲ್ ಎಂಬ ಸ್ಯಾನ್ ಫ್ರಾನ್ಸಿಸ್ಕೊದ ಧನಿಕ 1930ರ ದಶಕದಲ್ಲಿ ನೆವಾಡಾ ಬದಿಯ 27 ಮೈಲಿ ದಡವನ್ನು ಬೆನ್ನಿನ ಕಾಡಿನೊಂದಿಗೆ ಕೊಂಡುಕೊಂಡ. ಸ್ಯಾಂಡ್ ಹಾರ್ಬರ್‌ನ ತುಸು ದಕ್ಷಿಣಕ್ಕೆ ಕಲ್ಲಿನ ಬಂಗಲೆ ಕಟ್ಟಿಸಿ ಸಿಂಹ, ಆನೆ ಸಾಕಿದ. ಹೋಟೆಲು, ಜೂಜುಕಟ್ಟೆ ಕಟ್ಟುವ ಯೋಚನೆ ಇತ್ತು. ಆಮೇಲೆ ಜನರ ಗದ್ದಲವೇ ಬೇಡವೆನಿಸಿ ಎಲ್ಲ ಕೈಬಿಟ್ಟ. 1969ರಲ್ಲಿ ಆತ ತೀರಿಕೊಳ್ಳುವ ಮೊದಲೂ ಆಮೇಲೂ ತುಂಡು ತುಂಡಾಗಿ ದಡದ ಬಹುಭಾಗ ಸರ್ಕಾರದ ಕೈಗೆ ಬಂತು. ಒಬ್ಬ ಒಂಟಿ ಸ್ವಭಾವದವನ ಹಟ ಸಾವಿರಾರು ಜನರ ವಿಹಾರವಾಯಿತು. ಪರಿಸರ ಪ್ರೀತಿಯ ಪಾಠ ಇದರಲ್ಲಿ ಹುಡುಕಬೇಡಿ, ಅದೃಷ್ಟ ಅಷ್ಟೆ.

ಇದೆಲ್ಲಕ್ಕೂ ಸಾವಿರಾರು ವರ್ಷ ಮೊದಲು ಇಲ್ಲಿದ್ದವರು ವಾಶೋ ಜನ. ಚಳಿಗಾಲಕ್ಕೆ ಕೆಳಗಿನ ಕಣಿವೆ, ಬೇಸಗೆಗೆ ಸರೋವರದ ದಡ. ಮೀನು ಹಿಡಿದು, ಬುಟ್ಟಿ ಹೆಣೆದು ಬದುಕಿದವರು. ಅವರ ಮಾತಿನಲ್ಲಿ ಇದು ‘ದಾ ಆವ್’, ಸರೋವರ. ಹೊರಗಿನವರ ಬಾಯಲ್ಲಿ ಅದೇ ‘ತಾಹೋ’ ಆಯಿತು. ಹಾಗಾಗಿ ಲೇಕ್ ತಾಹೋ ಅಂದರೆ ಸರೋವರ ಸರೋವರ! ನಡುವೆ ಇದಕ್ಕೆ ಕ್ಯಾಲಿಫೋರ್ನಿಯಾದ ಬಿಗ್ಲರ್ ಎಂಬ ರಾಜ್ಯಪಾಲನ ಹೆಸರನ್ನು ಅಂಟಿಸಿದ್ದರು. ಬಳಕೆಯಲ್ಲಿ ಬಿದ್ದುಹೋದರೂ ಕಾಗದದ ಮೇಲೆ ಅದು 1945ರವರೆಗೆ ಉಳಿದಿತ್ತು. ದಡ ಹೋಯಿತು, ಕಾಡು ಹೋಯಿತು, ಕೊನೆಗೆ ತಪ್ಪು ಉಚ್ಚಾರದಲ್ಲಾದರೂ ವಾಶೋ ಜನರ ಹೆಸರು ಗೆದ್ದಿತು.

ದಕ್ಷಿಣದ ದಡದ ಬಳಿ ನೀರಿನೊಳಗೆ ಬೇರೂರಿ ನಿಂತ ಮರದ ಬೊಡ್ಡೆಗಳಿವೆಯೆಂದು ಓದಿದ್ದೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ದೀರ್ಘ ಬರಗಾಲದಲ್ಲಿ ನೀರು ಕೆಳಗಿಳಿದಿದ್ದಾಗ ಬೆಳೆದ ಮರಗಳು ಅವು, ನೀರು ಮರಳಿ ಬಂದಾಗ ನಿಂತಲ್ಲೇ ಮುಳುಗಿದವು. ಅದನ್ನು ಓದಿದಾಗಿನಿಂದ ನನ್ನ ಮನಸ್ಸು ತಾಹೋದಲ್ಲಿರಲಿಲ್ಲ, ನಮ್ಮ ಶರಾವತಿಯ ಬಳಿ ಇತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರು ಬೇಸಗೆಯಲ್ಲಿ ಇಳಿದಾಗ ಕೆಸರಿನಿಂದ ಕರಿಯ ಬೊಡ್ಡೆಗಳು ಏಳುತ್ತವೆ. ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗ ನನ್ನ ತಾಯಿ ನೀರಿನತ್ತ ಕೈ ತೋರಿಸಿ, ‘ಅಲ್ಲೆಲ್ಲೋ ನಮ್ಮ ನೆಂಟರ ಮನೆ’ ಎನ್ನುತ್ತಿದ್ದಳು. ನೀರು ಕಂದು, ಏನೂ ಕಾಣುತ್ತಿರಲಿಲ್ಲ. ತಾಹೋದಷ್ಟು ತಿಳಿಯಾಗಿದ್ದರೆ ಕಾಣುತ್ತಿತ್ತೇನೋ, ಕಂಡಿದ್ದರೆ ತಾಯಿ ಲಾಂಚ್ ಹತ್ತುತ್ತಿದ್ದಳೇ? ಕೆಲವು ನೀರು ತಿಳಿಯಾಗದಿರುವುದೇ ಕರುಣೆ.

ಮಧ್ಯಾಹ್ನ ನೈರುತ್ಯದಿಂದ ಗಾಳಿ ಎದ್ದಿತು. ಬೆಳಗ್ಗೆ ಗಾಜಿನಂತಿದ್ದ ನೀರು ಅಲೆ ಹೊಡೆದು ದಡದ ಬಳಿ ಹಾಲುಹಾಲಾಯಿತು. ಜನ ಎದ್ದು ಹೊರಟರು. ನನ್ನ ಕಣ್ಣು ಅವರು ಬಿಟ್ಟುಹೋದ ಜಾಗದ ಮೇಲೆಯೇ ಇತ್ತು. ಅಂದು ಅಲ್ಲಿ ಹೆಚ್ಚು ಕಸ ಕಾಣಲಿಲ್ಲ, ಆದರೆ ಇಲ್ಲಿಯವರೆಲ್ಲ ಶಿಸ್ತಿನವರೆಂದು ತಿಳಿದರೆ ಅದೂ ತಪ್ಪು. 2023ರ ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಮರುದಿನ ಈ ಸರೋವರದ ಕೆಲವೇ ದಂಡೆಗಳಿಂದ ಸ್ವಯಂಸೇವಕರು ಎತ್ತಿದ ಕಸ 8,500 ಪೌಂಡಿಗೂ ಹೆಚ್ಚು. ವ್ಯತ್ಯಾಸ ಜನರಲ್ಲಿ ಅಲ್ಲ, ಅಳೆದು ಎಲ್ಲರ ಮುಂದೆ ಇಡುವುದರಲ್ಲಿದೆ. ಕಸ ತೂಗಿದರು, ತಟ್ಟೆ ಇಳಿಸಿದರು, ಅಂಕಿ ಪ್ರಕಟಿಸಿದರು, ಜನ ಸಿಟ್ಟಾದರು. ಸುತ್ತಲ ಊರುಗಳ ಕೊಳಚೆನೀರನ್ನು ಸರೋವರಕ್ಕೆ ಬಿಡದೆ ಪಂಪು ಮಾಡಿ ಬೆಟ್ಟ ದಾಟಿಸುವ ವ್ಯವಸ್ಥೆ ಅರ್ಧ ಶತಮಾನದಿಂದ ನಡೆಯುತ್ತಿದೆ. ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಟಿವಿಯಲ್ಲಿ ಕಂಡ ನಮಗೆ ಇದು ಪುರಾಣದ ಹಾಗೆ ಕೇಳುತ್ತದೆ. ಆದರೂ ಧೂಳು ಬರುತ್ತಲೇ ಇದೆ. ನಾವು ಬಂದ ಕಾರಿನ ನಾಲ್ಕು ಚಕ್ರಗಳೂ ಆ ದಿನ ಒಂದು ಚಿಟಿಕೆ ಕೊಟ್ಟಿರಬೇಕು.

ನಮ್ಮೂರಿಗೆ ಸಾಗರ ಎಂಬ ಹೆಸರು ಬಂದದ್ದು ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಯಿಂದ. ಸದಾಶಿವ ಸಾಗರ, ಈಗ ಗಣಪತಿ ಕೆರೆ. ಕೆರೆಗೆ ಸಮುದ್ರದ ಹೆಸರಿಡುವಷ್ಟು ದೊಡ್ಡ ಮನಸ್ಸು ನಮ್ಮವರದು. ಆದರೆ ಆ ಕೆರೆಯ ನೀರು ನಾನು ಚಿಕ್ಕವಳಿದ್ದಾಗ ಎಷ್ಟು ತಿಳಿಯಾಗಿತ್ತು ಎಂದು ಮೊಮ್ಮಗಳು ಕೇಳಿದರೆ ನನ್ನ ಬಳಿ ‘ತುಂಬಾ’ ಎಂಬ ಮಾತು ಬಿಟ್ಟರೆ ಬೇರೆ ಉತ್ತರವಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಒಂದು ದಿನವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತಟ್ಟೆ ಇಳಿಸಲಿಲ್ಲ.

ಊರಿಗೆ ಬಂದು ಹಗ್ಗ ತಂದಿದ್ದೇನೆ. ಅಡಿಗೊಂದು ಗಂಟು ಹಾಕಿ, ತುದಿಗೆ ಸುಣ್ಣದ ಬಿಳುಪಿನ ಒಂದು ತಟ್ಟೆ, ಕೆಳಗೆ ಭಾರಕ್ಕೊಂದು ಕಲ್ಲು. ಖರ್ಚು ಇನ್ನೂರು ರೂಪಾಯಿ ದಾಟಿಲ್ಲ. ನಿಮ್ಮೂರಲ್ಲೂ ಕೆರೆ ಇರುತ್ತದೆ. ತಿಂಗಳಿಗೊಮ್ಮೆ, ಬಿಸಿಲು ನೆತ್ತಿಯ ಮೇಲಿರುವಾಗ, ತಟ್ಟೆ ಇಳಿಸಿ, ಅದು ಮರೆಯಾದ ಗಂಟನ್ನು ಎಣಿಸಿ, ತಾರೀಕಿನ ಜೊತೆ ಬರೆದಿಡಿ. ಮೊದಲ ಸಲ ಒಂದು ಗಂಟೂ ಇಳಿಯದಿದ್ದರೆ ಅದನ್ನೂ ಬರೆಯಿರಿ.